ಹೊಗೆಯ ಕೊಳವೆಯೂ ಗೃಹಸ್ಥನ ಲೆಕ್ಕವೂ

ಗೃಹಸ್ಥನು ವ್ರತವನ್ನು ಸ್ವೀಕರಿಸುವುದು ಬಸದಿಯಲ್ಲಿ. ಆದರೆ ಆ ವ್ರತದ ಪರೀಕ್ಷೆ ನಡೆಯುವುದು ಅಂಗಡಿಯ ಗಲ್ಲೆಯ ಮುಂದೆ, ಹೊಲದ ಬದುವಿನಲ್ಲಿ, ಕೆಲವೊಮ್ಮೆ ಮನೆಯ ಅಂಗಳದಲ್ಲಿ ನಿಂತ ಕಾರಿನ ಕೆಳಗೆ. ಹುಬ್ಬಳ್ಳಿಯ ಒಬ್ಬ ಕಿರಾಣಿ ವರ್ತಕರ ಮನೆಯಲ್ಲಿ ನಡೆದ ಸಂಗತಿಯೊಂದು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಆ ವರ್ತಕರು 2017ರಲ್ಲಿ ಕೊಂಡ ಪೆಟ್ರೋಲ್ ಕಾರು ಏಳು ವರ್ಷ ತೊಂದರೆಯಿಲ್ಲದೆ ಓಡಿತು. ಆಮೇಲೆ ನಿಂತಲ್ಲಿ ಎಂಜಿನ್ ನಡುಗತೊಡಗಿತು. ಚಾಲಕನ ಮುಂದಿನ ಫಲಕದಲ್ಲಿ ಹಳದಿ ದೀಪ ಹತ್ತಿಕೊಂಡಿತು. "ಓಡುತ್ತಿದೆಯಲ್ಲ, ನೋಡೋಣ" ಎಂದು ಅವರು ನಾಲ್ಕು ತಿಂಗಳು ಕಳೆದರು. ಸಣ್ಣ ಖರ್ಚನ್ನು ಮುಂದೂಡುವುದು ವ್ಯಾಪಾರಿಯ ಸ್ವಭಾವ. ಕೊನೆಗೆ ಏರಿನಲ್ಲಿ ಕಾರಿನ ಶಕ್ತಿ ಕುಂದಿತು, ಡಬ್ಬಿಯಲ್ಲಿ ಹರಳು ಹಾಕಿ ಅಲುಗಿಸಿದಂತಹ ಸದ್ದು ಕೆಳಗಿನಿಂದ ಕೇಳಿಬಂದಿತು, ಹೊಗೆ ತಪಾಸಣೆಯಲ್ಲಿ ವಾಹನ ಅನುತ್ತೀರ್ಣವಾಯಿತು. ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೇ ಕರಗಿ ಒಡೆದುಹೋಗಿತ್ತು.

ಈ ಉಪಕರಣವು ಹೊರನೋಟಕ್ಕೆ ಉಕ್ಕಿನ ಒಂದು ಡಬ್ಬಿ ಮಾತ್ರ. ಒಳಗೆ ಜೇನುಗೂಡಿನಂತೆ ಸಾವಿರಾರು ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ಇಟ್ಟಿಗೆ ಇರುತ್ತದೆ. ಅದರ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳುವಾದ ಲೇಪ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವೇರಿದ ಮೇಲೆ ಈ ಲೋಹಗಳ ಸಾನ್ನಿಧ್ಯದಲ್ಲಿ ವಿಷಕಾರಿಯಾದ ಕಾರ್ಬನ್ ಮಾನಾಕ್ಸೈಡ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಉರಿಯದೆ ಉಳಿದ ಇಂಧನ ನೀರಾವಿಯೂ ಕಾರ್ಬನ್ ಡೈಆಕ್ಸೈಡೂ ಆಗುತ್ತದೆ. ಸಾರಜನಕದ ಆಕ್ಸೈಡುಗಳು ಒಡೆದು ಮರಳಿ ಸಾರಜನಕವಾಗುತ್ತವೆ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಯೂಜೀನ್ ಹೌಡ್ರಿ ಎಂಬ ಎಂಜಿನಿಯರು 1950ರ ದಶಕದಲ್ಲಿಯೇ ಇಂತಹ ಉಪಕರಣವನ್ನು ರೂಪಿಸಿದ್ದರು. ಆದರೆ ಅಂದಿನ ಪೆಟ್ರೋಲಿನಲ್ಲಿದ್ದ ಸೀಸವು ಲೋಹದ ಲೇಪವನ್ನು ನಿಷ್ಕ್ರಿಯಗೊಳಿಸುತ್ತಿತ್ತು. ಅಮೆರಿಕದ ಕಾರುಗಳಲ್ಲಿ ಇದು ವ್ಯಾಪಕವಾದದ್ದು 1975ರ ಮಾದರಿಗಳಿಂದ. ಭಾರತದಲ್ಲಿ 1995ರ ಏಪ್ರಿಲ್‌ನಿಂದ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. 2000ದಲ್ಲಿ ಸೀಸರಹಿತ ಪೆಟ್ರೋಲ್ ದೇಶದಾದ್ಯಂತ ಬಂದಿತು.

ದುರಸ್ತಿಗೆಂದು ಹೋದ ವರ್ತಕರ ಮುಂದೆ ಮೂರು ದಾರಿಗಳು ತೆರೆದುಕೊಂಡವು. ಹೊಸ ಕನ್ವರ್ಟರಿಗೆ ಹತ್ತಾರು ಸಾವಿರ ರೂಪಾಯಿ. ಗ್ಯಾರೇಜಿನವನು ಬೇರೊಂದು ಉಪಾಯ ಹೇಳಿದನು: "ಸಾವ್ಕಾರ್ರೇ, ಒಳಗಿನದನ್ನು ಕುಟ್ಟಿ ತೆಗೆದು ಬರಿಯ ಡಬ್ಬಿ ಕೂಡಿಸಿಕೊಡುತ್ತೇನೆ. ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ತಪಾಸಣೆಯ ಚೀಟಿಯ ಚಿಂತೆ ನಿಮಗೆ ಬೇಡ." ಬಿಡಿಭಾಗಗಳ ಅಂಗಡಿಯವನೊಬ್ಬನು ಹಳೆಯದೊಂದನ್ನು ಕಾಲುಭಾಗದ ಬೆಲೆಗೆ ಕೊಡಲು ಸಿದ್ಧನಿದ್ದನು, ಆದರೆ ಬಿಲ್ಲು ಇಲ್ಲ, ಎಲ್ಲಿಂದ ಬಂತೆಂದು ಕೇಳುವಂತಿಲ್ಲ. ನಿಲ್ಲಿಸಿದ ವಾಹನಗಳ ಕೆಳಗಿನಿಂದ ಕನ್ವರ್ಟರನ್ನು ಕತ್ತರಿಸಿ ಕದಿಯುವವರು ಅನೇಕ ದೇಶಗಳಲ್ಲಿದ್ದಾರೆಂಬುದು ಎಲ್ಲರೂ ಬಲ್ಲ ಸಂಗತಿ. ಲೆಕ್ಕಾಚಾರದ ಮನಸ್ಸು ಬರಿಯ ಡಬ್ಬಿಯ ಕಡೆಗೆ ವಾಲಿತು. "ನಾಳೆ ಗಾಡಿ ತರುತ್ತೇನೆ" ಎಂದು ಹೇಳಿಯೇ ಅವರು ಮನೆಗೆ ಬಂದರು.

ಆ ರಾತ್ರಿ ಊಟದ ಹೊತ್ತಿಗೆ ಮುಂಚೆಯೇ ವಿಷಯ ಮಗನಿಗೆ ತಿಳಿಯಿತು. ಅವನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. "ಅಪ್ಪಾ, ಹಿಂದಿನ ಸಂವೇದಕ ಕನ್ವರ್ಟರಿನ ಕೆಲಸವನ್ನು ನೋಡುತ್ತಿರುತ್ತದೆ. ಬರಿಯ ಡಬ್ಬಿ ಹಾಕಿದರೆ ದೀಪ ಹತ್ತಿಯೇ ಇರುತ್ತದೆ. ಅದನ್ನು ಆರಿಸಲು ಸಂವೇದಕಕ್ಕೂ ಮೋಸ ಮಾಡಬೇಕು" ಎಂದನು. ತುಸು ತಡೆದು, "ತಕ್ಕಡಿಯ ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸುವವನಿಗೂ ಇದಕ್ಕೂ ಏನು ವ್ಯತ್ಯಾಸ?" ಎಂದು ಕೇಳಿದನು. ನಲವತ್ತು ವರ್ಷ ತಕ್ಕಡಿಯನ್ನು ಶುದ್ಧವಾಗಿಟ್ಟುಕೊಂಡೆನೆಂಬ ಹೆಮ್ಮೆಯಿದ್ದ ತಂದೆ ಉತ್ತರ ಕೊಡಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಕಳವಿಗೆ ಪ್ರೇರಣೆ ಕೊಡುವುದು, ಕದ್ದ ವಸ್ತುವನ್ನು ಸ್ವೀಕರಿಸುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ನಕಲಿಯನ್ನು ಅಸಲಿಯೆಂದು ನಡೆಸುವುದು. ಬಿಲ್ಲಿಲ್ಲದ ಮಾಲು ಎರಡನೆಯದಕ್ಕೆ ದಾರಿ ಮಾಡಿಕೊಡಬಲ್ಲದು. ಬರಿಯ ಡಬ್ಬಿ ಐದನೆಯದಕ್ಕೆ ಸೇರಿದ್ದು. ಮಾಲಿನ್ಯದ ಮಿತಿಯನ್ನು ಮೀರಿ ವಾಹನ ಓಡಿಸುವುದು ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನಂತೆ ಅಪರಾಧವಾದುದರಿಂದ ಮೂರನೆಯದಕ್ಕೂ ಸೇರಿತು. ಗೃಹಸ್ಥನು ಆರಂಭೀ ಹಿಂಸೆಯನ್ನು ಪೂರ್ಣವಾಗಿ ತಪ್ಪಿಸಲಾರನು. ಕನ್ವರ್ಟರ್ ಇದ್ದ ಮಾತ್ರಕ್ಕೆ ಕಾರು ಅಹಿಂಸಕವಾಗುವುದೂ ಇಲ್ಲ, ಅದರ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರಿಯೇ ಸೇರುತ್ತದೆ. ಆದರೆ ತಪ್ಪಿಸಬಹುದಾದ ವಿಷವನ್ನು ಬಲ್ಲವನಾಗಿಯೂ ಹಣದ ಆಸೆಗೆ ಹೊರಬಿಟ್ಟಾಗ ಹಿಂಸೆ ಆರಂಭವನ್ನು ದಾಟಿ ಸಂಕಲ್ಪದ ಕಡೆಗೆ ಸರಿಯುತ್ತದೆ. ಅದನ್ನು ಉಸಿರಾಡುವವನು ಬೀದಿಬದಿಯ ತರಕಾರಿಯವನು, ಶಾಲೆಗೆ ನಡೆದುಹೋಗುವ ಮಗು.

ಮರುದಿನ ಹೊಸ ಕನ್ವರ್ಟರಿಗೆ ಹಣ ಕಟ್ಟಲಾಯಿತು. ಕೂಲಿಯ ಹಣವಾದರೂ ಉಳಿಯಲೆಂದು ಮನೆಯಲ್ಲೇ ಜೋಡಿಸುವ ನಿರ್ಧಾರವಾಯಿತು. ಅನೇಕ ಕಾರುಗಳಲ್ಲಿ ಇದು ಎಂಜಿನ್ನಿಗೇ ಅಂಟಿಕೊಂಡಂತಿರುತ್ತದೆ. ಅಲ್ಲಿ ಮನೆಗೆಲಸ ಸಲ್ಲದು. ಇವರ ಕಾರಿನಲ್ಲಿ ಅದು ಕೆಳಭಾಗದಲ್ಲಿ ಬೋಲ್ಟುಗಳಿಂದ ಕೂಡಿಸಿದ್ದಾಗಿತ್ತು. ಆದರೂ ಮಗ ಮೊದಲು ಮುಟ್ಟಿದ್ದು ಕನ್ವರ್ಟರನ್ನಲ್ಲ. ಒಂದು ಸಿಲಿಂಡರಿನ ಇಗ್ನಿಷನ್ ಕಾಯಿಲ್ ಕೆಟ್ಟು ಕಿಡಿ ತಪ್ಪುತ್ತಿತ್ತು. ಉರಿಯದ ಪೆಟ್ರೋಲು ಕೊಳವೆಯಲ್ಲಿ ಹರಿದು ಜೇನುಗೂಡಿನಲ್ಲಿ ಹೊತ್ತಿಕೊಂಡು ಅದನ್ನೇ ಕರಗಿಸಿತ್ತು. ನಾಲ್ಕು ತಿಂಗಳ ಹಿಂದೆ ಹತ್ತಿದ ಹಳದಿ ದೀಪ ಹೇಳಿದ್ದು ಇದನ್ನೇ. ಮೂಲವನ್ನು ಸರಿಪಡಿಸದೆ ಹೊಸದನ್ನು ಹಾಕಿದ್ದರೆ ಅದೂ ಸುಟ್ಟುಹೋಗುತ್ತಿತ್ತು. ಸಂವರವಿಲ್ಲದೆ ನಿರ್ಜರೆಗೆ ಹೊರಟವನು ತೂತುಬಿದ್ದ ದೋಣಿಯ ನೀರನ್ನು ಮೊಗೆಯುತ್ತ ಕುಳಿತಂತೆ.

ಹಿಂದಿನ ಸಂಜೆಯೇ ತುಕ್ಕು ಹಿಡಿದ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಿದ್ದರು. ರಾತ್ರಿಯಿಡೀ ತಣಿದ ಕಾರನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಅಡೆಗಲ್ಲು ಕೊಟ್ಟು, ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿದರು. ಜಾಕಿನಿಂದ ಎತ್ತಿದ ಮೇಲೆ ಭದ್ರವಾದ ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟರು. ಬರಿಯ ಜಾಕನ್ನು ನಂಬಿ ಕಾರಿನ ಕೆಳಗೆ ಮಲಗುವುದು ಪ್ರಾಣಕ್ಕೆ ಅಪಾಯ. ಕಣ್ಣಿಗೆ ಕನ್ನಡಕ, ಕೈಗೆ ಚೀಲ. ಆಮ್ಲಜನಕ ಸಂವೇದಕದ ತಂತಿ ಕಳಚಿ ಅದನ್ನು ಜೋಪಾನವಾಗಿ ತೆಗೆದು, ಕೊಳವೆಗೆ ಆಸರೆ ಕೊಟ್ಟು ಬೋಲ್ಟುಗಳನ್ನು ಬಿಚ್ಚತೊಡಗಿದರು. ಮೂರನೆಯ ಬೋಲ್ಟು ಮುರಿದು ತುಂಡು ಒಳಗೇ ಉಳಿಯಿತು. ಅಲ್ಲಿಗೆ ಮಗ ಕೈಚೆಲ್ಲಿ, ಪರಿಚಯದ ಮೇಸ್ತ್ರಿಯನ್ನು ಕರೆಸಿ ಅದನ್ನು ಕೊರೆದು ತೆಗೆಸಿದನು. ತನ್ನ ಕೈಮಿತಿಯನ್ನು ಅರಿಯುವುದೂ ಕುಶಲತೆಯೇ ಅಲ್ಲವೆ?

ಹೊಸ ಡಬ್ಬಿಯ ಮೇಲಿನ ಬಾಣದ ಗುರುತು ಹೊಗೆ ಹರಿಯುವ ದಿಕ್ಕಿಗೆ ಇರುವಂತೆ, ಹೊಸ ಗ್ಯಾಸ್ಕೆಟ್ಟುಗಳನ್ನಿಟ್ಟು, ಎಲ್ಲ ಬೋಲ್ಟುಗಳನ್ನು ಮೊದಲು ಕೈಯಿಂದ ತಿರುಗಿಸಿ, ಆಮೇಲೆ ಕೈಪಿಡಿಯ ಪ್ರಮಾಣಕ್ಕೆ ಬಿಗಿಗೊಳಿಸಿದರು. ಎಂಜಿನ್ ಚಾಲೂ ಮಾಡಿದ್ದು ತೆರೆದ ಅಂಗಳದಲ್ಲಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಪ್ರಾಣ ಕಳೆದುಕೊಂಡವರಿದ್ದಾರೆ.

ಹೊಗೆ ತಪಾಸಣೆಯಲ್ಲಿ ಕಾರು ಉತ್ತೀರ್ಣವಾಯಿತು. ಹಳೆಯದನ್ನು ಒಡೆದು ನೋಡುವ ಕುತೂಹಲವನ್ನು ಮಗ ತಡೆದುಕೊಂಡನು. ಒಳಗಿನ ಪಿಂಗಾಣಿಯ ಧೂಳೂ ನಾರೂ ಶ್ವಾಸಕೋಶಕ್ಕೆ ಹಾನಿಕರ. ಗುಜರಿಯವನು ಕಬ್ಬಿಣದ ತೂಕಕ್ಕೆ ಕೇಳಿದಾಗ ಕೊಡದೆ, ಲೋಹವನ್ನು ಪುನಃ ಬಳಕೆಗೆ ತರುವವರಿಗೆ ಬಿಲ್ಲು ಪಡೆದು ಮಾರಿದರು.

ಆ ರಾತ್ರಿ ವರ್ತಕರು ಕಿರ್ದಿಯನ್ನು ಬರೆಯಲು ಕುಳಿತರು. ಕನ್ವರ್ಟರಿನ ಮೊತ್ತವನ್ನು ವಾಹನ ದುರಸ್ತಿ ಎಂಬ ತಲೆಬರಹದ ಕೆಳಗೆ ಬರೆಯುವುದು ವಾಡಿಕೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಹೊಗೆಯುಗುಳಿಸಿದ ಆ ನಾಲ್ಕು ತಿಂಗಳನ್ನು ನೆನೆದು, "ಹಳೆಯ ಬಾಕಿ ಸಂದಾಯ" ಎಂದು ಬರೆದರು.