ಲಂಗದ ಘೇರು

ಫ್ಯಾಶನ್ ಡಿಸೈನಿಂಗ್ ಓದುತ್ತಿರುವ ನನ್ನ ತಂಗಿಯ ಮಗಳ ಡ್ರಾಯಿಂಗ್ ಪುಸ್ತಕದಲ್ಲಿ ಹೊಟ್ಟೆ ತುಂಬ ಉಂಡ ಹೆಂಗಸು ಒಬ್ಬಳೂ ಇಲ್ಲ. ಎಲ್ಲರೂ ಒಂಬತ್ತು ತಲೆ ಎತ್ತರದವರು. ತಲೆಯ ಅಳತೆಯನ್ನು ಒಂದರ ಕೆಳಗೊಂದು ಒಂಬತ್ತು ಸಲ ಇಟ್ಟರೆ ಅವರ ಪಾದ ಸಿಗುತ್ತದೆ. ನಾವು ನೀವು ಏಳು, ಏಳೂವರೆಗೆ ಮುಗಿದುಹೋಗುವವರು. ಆ ಹೆಚ್ಚುವರಿ ಎತ್ತರವೆಲ್ಲ ಬಹುಮಟ್ಟಿಗೆ ಕಾಲಿಗೇ ಸಂದಿರುತ್ತದೆ. "ಲಂಗ ಎದ್ದು ಕಾಣಬೇಕಲ್ಲ ದೊಡ್ಡಮ್ಮ" ಎಂದು ಅವಳ ಸಮಜಾಯಿಷಿ.

ಕೈ ಮಾತ್ರ ಚೆನ್ನಾಗಿದೆ. ನಿರಿಗೆ ಹಿಡಿದ ಲಂಗಕ್ಕೆ ಸೊಂಟದಿಂದ ಅಂಚಿನವರೆಗೆ ನೆಟ್ಟಗಿನ ಗೆರೆ. ದಾರ ಎಳೆದು ಸುಕ್ಕುಗೂಡಿಸಿದ್ದಕ್ಕೆ ಸೊಂಟದ ಹತ್ತಿರ ಒತ್ತೊತ್ತಾಗಿ ಹೊರಟು ಅರ್ಧದಲ್ಲೇ ಮಾಯವಾಗುವ ಗೆರೆ. ಅಂಬ್ರೆಲಾ ಲಂಗಕ್ಕೆ ಸೊಂಟದಲ್ಲಿ ಒಂದು ಗೆರೆಯೂ ಬೇಡ, ಅಂಚು ಮಾತ್ರ ಅಲೆಯಲೆಯಾಗಿ ಏಳಬೇಕು. ಈ ಅಂಬ್ರೆಲಾದ ಲೆಕ್ಕ ನನಗೆ ಬಲು ಇಷ್ಟ. ಶಾಲೆಯಲ್ಲಿ ವೃತ್ತದ ಪರಿಧಿಯನ್ನು ಇದರಿಂದಲೇ ಕಲಿಸಿದ್ದರೆ ನಮ್ಮ ತರಗತಿಯ ಅರ್ಧ ಹುಡುಗಿಯರು ಗಣಿತಕ್ಕೆ ಹೆದರುತ್ತಿರಲಿಲ್ಲ. ಇಪ್ಪತ್ತೆಂಟು ಇಂಚು ಸೊಂಟಕ್ಕೆ ಬಟ್ಟೆಯ ನಡುವೆ ನಾಲ್ಕೂವರೆ ಇಂಚಿನ ತ್ರಿಜ್ಯ ಸಾಕು. ಅಲ್ಲಿಂದ ಮೂವತ್ತಾರು ಇಂಚು ಉದ್ದ ಬಿಟ್ಟು ಹೊರಗಿನ ವೃತ್ತ ಎಳೆದರೆ ಕೆಳಗಿನ ಘೇರು ಸುಮಾರು ಆರೂವರೆ ಮೀಟರ್, ಒಂದು ಸೀರೆಗಿಂತ ಉದ್ದ! ಹೊಲಿದ ಮೇಲೂ ಅವಸರಪಡುವಂತಿಲ್ಲ. ಬಟ್ಟೆ ಓರೆಯಾಗಿ ಬಂದ ಕಡೆ ಜೋತು ಇಳಿಯುತ್ತದೆ. ಒಂದು ರಾತ್ರಿ ತೂಗುಹಾಕಿ, ಬೆಳಿಗ್ಗೆ ಅಂಚು ಸಮ ಮಾಡಿಯೇ ಮಡಿಸಿ ಹೊಲಿಯಬೇಕು.

ಜರಿ ಅಂಚಿನ ರೇಷ್ಮೆ ಈ ಆಟಕ್ಕೆ ಬರುವುದಿಲ್ಲ. ಅಂಚು ನೇರ, ವೃತ್ತ ಬಾಗು. ಹಾಗಾಗಿ ನಮ್ಮ ಮಕ್ಕಳ ಜರಿಲಂಗ, ಉತ್ತರ ಕರ್ನಾಟಕದ ಖಣದ ಪರಕಾರ ಎಲ್ಲವೂ ನೇರ ಬಟ್ಟೆಯನ್ನು ಸೊಂಟದಲ್ಲಿ ನಿರಿಗೆ ಕೂಡಿಸಿ ಹೊಲಿದವು. ಅಂಚನ್ನು ಕತ್ತರಿಸುವಂತಿಲ್ಲವಾದ್ದರಿಂದ ಉದ್ದ ಹೆಚ್ಚಾದರೆ ಅದರ ಮೇಲ್ಗಡೆ ಒಂದೆರಡು ಅಡ್ಡ ಮಡಿಕೆ ಹಾಕುತ್ತಿದ್ದರು. ಹುಡುಗಿ ಬೆಳೆದಂತೆ ಒಂದೊಂದೇ ಬಿಚ್ಚುವುದು. ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸದ ಪಟ್ಟಿಯೊಂದು ಉಳಿದು, ಮಗಳು ಎಷ್ಟು ಬೆಳೆದಳೆಂದು ಇಡೀ ಮದುವೆಮನೆಗೆ ಹೇಳುತ್ತಿತ್ತು. ಮುಂದಿನ ವರ್ಷದ ಹುಡುಗಿಯನ್ನೂ ಲೆಕ್ಕಕ್ಕೆ ಹಿಡಿದ ವಿನ್ಯಾಸವೆಂದರೆ ಅದು. ತಂಗಿಯ ಮಗಳ ಪುಸ್ತಕದಲ್ಲಿ ಅದಕ್ಕೊಂದು ಪುಟ ಇಲ್ಲದಿರುವುದು ನನಗಂತೂ ಸರಿಕಾಣಲಿಲ್ಲ.

ಅಲ್ಲಿರುವುದೆಲ್ಲ ಪ್ಯಾರಿಸ್ಸೇ. 1947ರ ಫೆಬ್ರವರಿಯಲ್ಲಿ ಕ್ರಿಶ್ಚಿಯನ್ ಡಿಯೊರ್ ತೋರಿಸಿದ ಸಣ್ಣ ನಡುವಿನ, ಮೀಟರುಗಟ್ಟಲೆ ಬಟ್ಟೆ ನುಂಗುವ ಲಂಗಕ್ಕೆ ಎರಡು ಪುಟ. ಯುದ್ಧ ಮುಗಿದು ಬಟ್ಟೆಗೆ ಇನ್ನೂ ತತ್ವಾರವಿದ್ದ ಕಾಲ. ಕಂಡವರು ಸಿಟ್ಟಾದದ್ದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೂ ಮುಂಚೆ, 1910ರ ಸುಮಾರಿಗೆ, ಪಾಲ್ ಪೊಯರೆಯ ಹೆಸರಿನೊಂದಿಗೆ ಚಾಲ್ತಿಗೆ ಬಂದ ಹಾಬಲ್ ಲಂಗ ಇದಕ್ಕೆ ತದ್ವಿರುದ್ಧ. ಘೇರು ಎಷ್ಟು ಕಿರಿದೆಂದರೆ ಗೇಣುದ್ದದ ಹೆಜ್ಜೆಯೇ ಗತಿ. ಚಿತ್ರದಲ್ಲಿ ಅದೇ ಎಲ್ಲಕ್ಕಿಂತ ಚೆಂದ, ಚಿತ್ರದವಳು ನಡೆಯಬೇಕಿಲ್ಲವಲ್ಲ. ಅದನ್ನುಟ್ಟವರಿಗೆ ಟ್ರಾಮ್ ಹತ್ತುವುದು ದುಸ್ತರವಾಯಿತು. 1912ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಮೆಟ್ಟಿಲೇ ಇಲ್ಲದ, ನೆಲ ತಗ್ಗಿಸಿದ ಟ್ರಾಮ್ ಬಂತು. ಜನ ಅದನ್ನು ಹಾಬಲ್ ಲಂಗದ ಗಾಡಿಯೆಂದೇ ಕರೆದರು. ಲಂಗಕ್ಕೆ ನಾಲ್ಕು ಬೆರಳು ಬಟ್ಟೆ ಸೇರಿಸುವುದನ್ನು ಬಿಟ್ಟು ಗಾಡಿಯನ್ನೇ ತಗ್ಗಿಸಿದ ಧಾರಾಳಿಗಳು!

ನಮ್ಮಲ್ಲಿ ಅತಿ ಹೆಚ್ಚು ಹೆಂಗಸರು ದಿನಾ ಉಡುವ ಲಂಗವನ್ನು ಯಾರೂ ಬರೆಯುವುದಿಲ್ಲ. ಸೀರೆಯ ಒಳಲಂಗ. ಮೇಲೆ ಕಿರಿದು ಕೆಳಗೆ ಅಗಲವಾದ ಆರು ಪೀಸು, ಕಾಟನ್ ಬಟ್ಟೆ, ಒಂದು ಲಾಡಿ, ಪಕ್ಕದಲ್ಲೊಂದು ಸೀಳು. ಸೊಂಟದಲ್ಲಿ ಬಟ್ಟೆ ಉಂಡೆಗಟ್ಟದೆ ಸೀರೆಯ ಅಷ್ಟೂ ಭಾರ ಹೊರುತ್ತದೆ, ಕಾಲಿಗೆ ಬೇಕಾದಷ್ಟು ಜಾಗವನ್ನೂ ಕೊಡುತ್ತದೆ. ಒಗೆದಾಗ ಲಾಡಿ ಒಳಗೆ ಸೇರಿಕೊಂಡು ಸೇಫ್ಟಿ ಪಿನ್ನಿನಿಂದ ತಡಕಾಡಿಸುವುದೊಂದೇ ಅದರ ದುರ್ಗುಣ.

ಅದಕ್ಕೂ ಈಗ ಸಂಚಕಾರ ಬಂದಿದೆ. ಮ್ಯಾಚಿಂಗ್ ಸೆಂಟರಿನಲ್ಲಿ ಹಳದಿ ಒಳಲಂಗ ಕೇಳಿದರೆ ಹುಡುಗ ಮೊದಲು ತೆಗೆದಿಡುವುದು ಮೀನಿನಂತೆ ಮೈಗಂಟುವ ಶೇಪ್‌ವೇರ್ ಅನ್ನು. ಸೀರೆ ಸಪೂರ ಕಾಣುತ್ತದೆ, ನಿಜ. ಮೊಣಕಾಲಿನ ಹತ್ತಿರ ಬಂದಾಗ ಮಾತ್ರ ಪೊಯರೆ ಸಾಹೇಬರೇ ನೆನಪಾಗುತ್ತಾರೆ. ನ್ಯೂಯಾರ್ಕಿನವರಂತೆ ಮೆಟ್ಟಿಲು ತಗ್ಗಿಸಿಕೊಡಲು ನಮ್ಮೂರ ಬಸ್ಸಿನವರು ಸಿದ್ಧರಿಲ್ಲ. ತಂಗಿಯ ಮಗಳಿಗೆ ಹೇಳಿದ್ದೇನೆ, ಇನ್ನು ಮೇಲೆ ಬರೆಯುವ ಪ್ರತಿ ಲಂಗಕ್ಕೂ ಬಸ್ ಹತ್ತುತ್ತಿರುವ ಒಂದು ಭಂಗಿ ಇರಲಿ, ಬೇಕಿದ್ದರೆ ಒಂಬತ್ತು ತಲೆಯವಳೇ ಹತ್ತಲಿ. ನಿಮಗೂ ಅದೇ ಮಾತು: ಅಂಥ ಶೇಪ್‌ವೇರ್ ಕೊಳ್ಳುವ ಮುಂಚೆ ಟ್ರಯಲ್ ರೂಮಿನಲ್ಲಿ ಹಾಕಿಕೊಂಡು, ಅಲ್ಲಿರುವ ಸ್ಟೂಲನ್ನು ಒಮ್ಮೆ ಹತ್ತಿ ಇಳಿದು ನೋಡಿ.