ಬಿಟ್ಟು ಹೋದವನೂ ಬಾಗಿಲು ಮುಚ್ಚಿದವರೂ

2025ರ ಜೂನ್‌ನಲ್ಲಿ ಬಿಲ್ಲಿ ಬೋಸ್ಟನ್ ಎಂಬ 90 ವರ್ಷದ ಹಿರಿಯರಿಗೆ ಬ್ರಿಟನ್ನಿನ ದೊರೆ 'ಸರ್' ಪದವಿ ಕೊಟ್ಟರು. ರಗ್ಬಿ ಲೀಗ್ ಆಟಗಾರನೊಬ್ಬನಿಗೆ ಈ ಗೌರವ ಸಿಕ್ಕಿದ್ದು ಅದೇ ಮೊದಲು. ಆ ಆಟ ಹುಟ್ಟಿ ಆಗಲೇ 130 ವರ್ಷ! ಇಷ್ಟು ತಡವೇಕೆ ಎಂದು ಕೇಳಿಕೊಂಡು ನಾವು ಅವರ ಬದುಕನ್ನು ಓದುತ್ತಾ ಹೋದೆವು.

ರಗ್ಬಿಯಲ್ಲಿ ಎರಡು ಬಗೆ. 15 ಜನ ಆಡುವುದು ಯೂನಿಯನ್, 13 ಜನ ಆಡುವುದು ಲೀಗ್. ಒಂದೇ ಮನೆಯ ಮಕ್ಕಳು, ಪಾಲಾದದ್ದು ಕೂಲಿಯ ಮಾತಿಗೆ. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿಗಳ ಕೆಲಸಗಾರರು ಶನಿವಾರ ಆಡಲು ಹೋದರೆ ಆ ದಿನದ ಸಂಬಳ ಇಲ್ಲ. ಅದನ್ನು ತುಂಬಿಕೊಡಿ ಎಂದು ಅಲ್ಲಿನ ಕ್ಲಬ್‌ಗಳು ಕೇಳಿದವು. ಆಟದಲ್ಲಿ ಹಣ ಮುಟ್ಟುವುದು ಮೈಲಿಗೆ ಎಂದರು ಉಳ್ಳವರು. 1895ರಲ್ಲಿ ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಕ್ಲಬ್‌ಗಳು ಬೇರೆಯಾದವು. ಮುಂದೆ 1995ರವರೆಗೂ ಲೀಗ್‌ನ ಹಣ ಮುಟ್ಟಿದವನಿಗೆ ಯೂನಿಯನ್ನಿನಲ್ಲಿ ಜಾಗವಿರಲಿಲ್ಲ.

ಬೋಸ್ಟನ್ ಹುಟ್ಟಿದ್ದು 1934ರಲ್ಲಿ, ವೇಲ್ಸ್ ದೇಶದ ಕಾರ್ಡಿಫ್ ಬಂದರಿನ ಟೈಗರ್ ಬೇ ಎಂಬ ಕೇರಿಯಲ್ಲಿ. ತಂದೆ ಆಫ್ರಿಕದ ಸಿಯೆರಾ ಲಿಯೋನ್‌ನವರು, ತಾಯಿ ಐರಿಷ್ ಮೂಲದವರು. ಸೊಮಾಲಿ, ಯೆಮೆನಿ ನಾವಿಕರ ಸಂಸಾರಗಳೂ ಇದ್ದ ಬಡ ಕೇರಿ ಅದು. ತನ್ನೂರಿನ ಕಾರ್ಡಿಫ್ ಕ್ಲಬ್‌ಗೆ, ಆಮೇಲೆ ವೇಲ್ಸ್ ತಂಡಕ್ಕೆ ಯೂನಿಯನ್ ಆಡಬೇಕೆಂಬುದು ಹುಡುಗನ ಕನಸು. ಕಾರ್ಡಿಫ್ ಕ್ಲಬ್ ಕರೆಯಲೇ ಇಲ್ಲ. ಮೈಬಣ್ಣವೇ ಕಾರಣ ಎಂದು ಆ ಕೇರಿಯ ಜನ ಹೇಳಿದರೆ ಅಲ್ಲಗಳೆಯುವುದು ಹೇಗೆ? 1980ರ ದಶಕದವರೆಗೂ ವೇಲ್ಸ್ ಯೂನಿಯನ್ ತಂಡದಲ್ಲಿ ಒಬ್ಬ ಕಪ್ಪು ಆಟಗಾರನೂ ಆಡಲಿಲ್ಲ.

ಕರೆದದ್ದು ಉತ್ತರದ ವಿಗನ್ ಲೀಗ್ ಕ್ಲಬ್. 1953ರಲ್ಲಿ 3,000 ಪೌಂಡ್ ಕೊಟ್ಟು ಸಹಿ ಹಾಕಿಸಿಕೊಂಡಿತು. ಮರುವರ್ಷವೇ, 19ರ ವಯಸ್ಸಿನಲ್ಲಿ, ಬ್ರಿಟನ್ ಲೀಗ್ ತಂಡದೊಂದಿಗೆ ಆಸ್ಟ್ರೇಲಿಯ, ನ್ಯೂಜಿಲೆಂಡ್ ಪ್ರವಾಸ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತುವುದಕ್ಕೆ ಟ್ರೈ ಎನ್ನುತ್ತಾರೆ. ಆ ಪ್ರವಾಸದ 18 ಪಂದ್ಯಗಳಲ್ಲಿ ಅವರು 36 ಟ್ರೈ ಗಳಿಸಿದರು. ವಿಗನ್‌ಗಾಗಿ 478, ಒಟ್ಟು 571. 1957ರಲ್ಲಿ ಆಸ್ಟ್ರೇಲಿಯದ ವಿಶ್ವಕಪ್ ಮುಗಿಸಿದ ತಂಡ ಪ್ರದರ್ಶನ ಪಂದ್ಯಗಳಿಗೆಂದು ದಕ್ಷಿಣ ಆಫ್ರಿಕಕ್ಕೆ ಹೋಯಿತು. ವರ್ಣಭೇದದ ಆ ನಾಡಿನಲ್ಲಿ ಬೋಸ್ಟನ್‌ಗೆ ಎಡೆಯಿರಲಿಲ್ಲ. ಅವರು ಮನೆಗೆ ಮರಳಿದರು, ಜೊತೆಯವರು ಆಡಿ ಬಂದರು. ಈ ಒಂದು ಸಂಗತಿ ನಮ್ಮನ್ನು ಬಹಳ ಕಾಡಿತು. ಲೀಗ್ ಅವರನ್ನು ಅಪ್ಪಿಕೊಂಡಿತ್ತು ನಿಜ. ಆದರೆ ಅಪ್ಪಿಕೊಂಡವರೂ ಒಮ್ಮೊಮ್ಮೆ ಕೈ ಸಡಿಲಿಸುತ್ತಾರೆ.

ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಓದಿ, ಕನ್ನಡದಲ್ಲಿ ಕಥೆ ಬರೆಯುವವರು ನಾವು. "ನಮ್ಮ ಜಬಾನ್ ಬಿಟ್ಟುಬಿಟ್ರಾ?" ಎಂದು ಮದುವೆಮನೆಗಳಲ್ಲಿ ಬಂಧುಗಳು ಕೇಳುತ್ತಾರೆ. "ನೀವು ಕನ್ನಡದಲ್ಲಿ ಬರೀತೀರಾ!" ಎಂದು ಸಭೆಗಳಲ್ಲಿ ಅಚ್ಚರಿಪಡುವವರೂ ಉಂಟು. ನಮಗೆ ಯಾರೂ ಬಾಗಿಲು ಮುಚ್ಚಲಿಲ್ಲ. ಎರಡೂ ಮನೆಗಳಲ್ಲಿ ಓಡಾಡಿಕೊಂಡಿದ್ದೇವೆ. ಬೋಸ್ಟನ್‌ಗೆ ಆ ಭಾಗ್ಯ ಇರಲಿಲ್ಲ. ಆದರೂ ದಾಟಿದವನನ್ನೇ ಕಟಕಟೆಯಲ್ಲಿ ನಿಲ್ಲಿಸುವ ಈ ಅಭ್ಯಾಸ ನಮಗೆ ಚೆನ್ನಾಗಿ ಗೊತ್ತು. ಹಣಕ್ಕಾಗಿ ಹೋದ ಎನ್ನುವುದು ಸುಲಭ. ಇರಲು ಬಿಟ್ಟಿದ್ದೆವಾ ಎಂದು ಕೇಳಿಕೊಳ್ಳುವುದು ಕಷ್ಟ.

ಅವರ ಹಿಂದೆಯೇ ಅದೇ ಊರಿನಿಂದ ಲೀಗ್‌ಗೆ ಹೋದ ಕ್ಲೈವ್ ಸಲಿವನ್ 1972ರಲ್ಲಿ ಬ್ರಿಟನ್ ತಂಡದ ನಾಯಕರಾಗಿ ವಿಶ್ವಕಪ್ ಗೆದ್ದರು. ಬ್ರಿಟನ್ನಿನ ರಾಷ್ಟ್ರೀಯ ಕ್ರೀಡಾ ತಂಡವೊಂದಕ್ಕೆ ಕಪ್ಪು ನಾಯಕ ಬಂದದ್ದು ಈ 'ಕೂಲಿಯವರ ಆಟ'ದಲ್ಲೇ.

2023ರಲ್ಲಿ ಕಾರ್ಡಿಫ್ ಬಂದರಿನಲ್ಲಿ ಬೋಸ್ಟನ್, ಸಲಿವನ್ ಮತ್ತು ಗಸ್ ರಿಸ್ಮನ್, ಈ ಮೂವರ ಪ್ರತಿಮೆ ನಿಂತಿತು. ಊರು ಬಿಟ್ಟ 70 ವರ್ಷಕ್ಕೆ ಊರಿನ ಗೌರವ. ಒಳ್ಳೆಯದೇ ಆಯಿತು. ಆದರೆ 18ರ ಹುಡುಗ ಬಯಸಿದ್ದು ಕಂಚಿನ ಪ್ರತಿಮೆಯನ್ನಲ್ಲ, ವೇಲ್ಸಿನ ಒಂದು ಕೆಂಪು ಅಂಗಿಯನ್ನು.