ಆಕಾಶದ ಬೆಳಕು, ಆಡಿದ ಮಾತು

ಪಶ್ಚಿಮಘಟ್ಟದ ತಪ್ಪಲಿನಲ್ಲಿ, ಕಡಬ ತಾಲೂಕಿನಲ್ಲಿ, ಇಚಿಲಂಪಾಡಿ ಎಂಬ ಹಳ್ಳಿಯಿದೆ. ಬಯಲುಸೀಮೆಯಿಂದ ಉದ್ಯೋಗ ನಿಮಿತ್ತ ಬಂದು ಅಲ್ಲಿಯೇ ನೆಲೆಸಿದ ಶರಣ ಕುಟುಂಬವೊಂದು ತಮ್ಮ ಮಗುವಿನ ಲಿಂಗದೀಕ್ಷೆಗೆ ನಮ್ಮನ್ನು ಬರಮಾಡಿಕೊಂಡಿತ್ತು. ಅದು 2021ರ ಡಿಸೆಂಬರ್ ತಿಂಗಳು. ಸಾಯಂಪೂಜೆ ಮುಗಿಸಿ ಅಂಗಳದಲ್ಲಿ ಕುಳಿತಿರುವಾಗ, ಅಡಿಕೆ ಮರಗಳ ನೆತ್ತಿಯ ಮೇಲೆ ಮಣಿಮಾಲೆಯಂತೆ ಪೋಣಿಸಿದ ದೀಪಗಳ ಸಾಲೊಂದು ಸದ್ದಿಲ್ಲದೆ ಸಾಗಿಹೋಯಿತು. ಮಕ್ಕಳು ಕುಣಿದರು, ಹಿರಿಯರು ಕೈಮುಗಿದರು. ಮನೆಯ ತಾಯಿ ಮಾತ್ರ ನಡುಗುವ ದನಿಯಲ್ಲಿ, “ಇದೇನು ಅಯ್ಯನವರೇ?” ಎಂದು ನಮ್ಮನ್ನು ಕೇಳಿದರು.

ಮಠದಲ್ಲಿ ಓದಿ ಬೆಳೆದವರಿಗೆ ಒಂದು ದೌರ್ಬಲ್ಯವುಂಟು. ಪ್ರಶ್ನೆ ಬಂದೊಡನೆ ಉತ್ತರ ಕೊಡಲೇಬೇಕೆಂಬ ಭಾವ ನಮ್ಮಲ್ಲಿ ಬೇರೂರಿಬಿಟ್ಟಿರುತ್ತದೆ. “ಸೈನ್ಯದ ಯುದ್ಧವಿಮಾನಗಳಮ್ಮ, ಸಾಲಾಗಿ ಹೋಗುತ್ತಿವೆ” ಎಂದುಬಿಟ್ಟೆವು. ಆ ತಾಯಿಯ ಹಿರಿಯ ಮಗ ಲಡಾಖಿನ ಗಡಿಯಲ್ಲಿ ಸೈನಿಕನೆಂಬುದು ಆ ಗಳಿಗೆಯಲ್ಲಿ ನಮ್ಮ ನೆನಪಿಗೆ ಬರಲಿಲ್ಲ. ಗಲ್ವಾನಿನ ಘರ್ಷಣೆ ನಡೆದು ಆಗಿನ್ನೂ ಒಂದೂವರೆ ವರ್ಷವಾಗಿತ್ತಷ್ಟೆ. ಯುದ್ಧವೇ ಆರಂಭವಾಯಿತೆಂದು ಬಗೆದು ಆಕೆ ಆ ರಾತ್ರಿ ಕಣ್ಣು ಮುಚ್ಚಲಿಲ್ಲ.

ಮರುದಿನ ನಾವು ಊರಿಗೆ ಮರಳಿದ ಮೇಲೆ ನಿಜ ತಿಳಿಯಿತು. ಕರಾವಳಿಯ ಜಿಲ್ಲೆಗಳಲ್ಲಿ ಅನೇಕರು ಕಂಡಿದ್ದ ಆ ಸಾಲು ಸ್ಪೇಸ್‌ಎಕ್ಸ್ ಎಂಬ ಅಮೆರಿಕದ ಸಂಸ್ಥೆಯ ಸ್ಟಾರ್‌ಲಿಂಕ್ ಉಪಗ್ರಹಗಳದು. ಆ ತಿಂಗಳ 18ರಂದು ಕ್ಯಾಲಿಫೋರ್ನಿಯಾದಿಂದ ಅಂಥ 52 ಉಪಗ್ರಹಗಳನ್ನು ಒಂದೇ ರಾಕೆಟ್ಟಿನಲ್ಲಿ ಹಾರಿಸಿದ್ದರು. ನಮಗೆ ಸೂರ್ಯ ಮುಳುಗಿದ್ದರೂ ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿರುವ ಅವುಗಳ ಮೇಲೆ ಬಿಸಿಲು ಬೀಳುತ್ತಲೇ ಇರುತ್ತದೆ. ಆ ಬಿಸಿಲೇ ಪ್ರತಿಫಲಿಸಿ ನಮಗೆ ದೀಪವಾಗಿ ಕಾಣುತ್ತದೆ. ದಿನ ಕಳೆದಂತೆ ಅವು ಮೇಲೇರಿ, ಚದುರಿ, ಮಂಕಾಗುತ್ತವೆ.

ತಪ್ಪನ್ನು ಒಪ್ಪಿಕೊಳ್ಳಲು ನಾವು ಮತ್ತೆ ಇಚಿಲಂಪಾಡಿಗೆ ಹೋದೆವು. ತಾಯಿ ಮುನಿಯಲಿಲ್ಲ. “ಬೇರೆಯವರು ಹೇಳಿದ್ದರೆ ನಂಬುತ್ತಿರಲಿಲ್ಲ ಅಯ್ಯನವರೇ. ನೀವು ಹೇಳಿದಿರಿ ಎಂದು ನಂಬಿದೆ” ಎಂದಷ್ಟೇ ನುಡಿದರು. ಬೈದಿದ್ದರೆ ಇದಕ್ಕಿಂತ ಹಗುರವಾಗಿರುತ್ತಿತ್ತು.

ಅಂದಿನಿಂದ ಈ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನು ಓದುತ್ತ ಬಂದಿದ್ದೇವೆ. 1948ರ ಜನವರಿ 7ರಂದು ಅಮೆರಿಕದ ಕೆಂಟಕಿಯಲ್ಲಿ ಥಾಮಸ್ ಮ್ಯಾಂಟೆಲ್ ಎಂಬ ವಾಯುಪಡೆಯ ಅಧಿಕಾರಿ ಆಕಾಶದಲ್ಲಿ ಕಂಡ ವಸ್ತುವೊಂದನ್ನು ಬೆನ್ನಟ್ಟಿ, ಆಮ್ಲಜನಕದ ವ್ಯವಸ್ಥೆಯಿಲ್ಲದೆ ಮೇಲೇರಿ, ವಿಮಾನ ಬಿದ್ದು ಮಡಿದ. ಅವನು ಕಂಡದ್ದು ಶುಕ್ರಗ್ರಹವೆಂದು ಮೊದಲು ಹೇಳಿದರು. ನೌಕಾಪಡೆಯು ಗುಟ್ಟಾಗಿ ಹಾರಿಸುತ್ತಿದ್ದ ಬೃಹತ್ ಬಲೂನಾಗಿರಬೇಕೆಂದು ಅನಂತರ ತರ್ಕಿಸಿದರು. ಅವಸರದ ಉತ್ತರ ಬಲ್ಲವರಿಂದಲೂ ಬರುವುದುಂಟು.

ಲಡಾಖಿನದೇ ಪ್ರಸಂಗವನ್ನು ನೋಡಿರಿ. 2012ರ ಆಗಸ್ಟಿನಿಂದ ಮುಂದಿನ ಫೆಬ್ರವರಿಯವರೆಗೆ ನಮ್ಮ ಸೈನಿಕರು ಗಡಿಯ ಸರೋವರದ ಮೇಲೆ 329 ಬಾರಿ ಅಪರಿಚಿತ ಬೆಳಕುಗಳನ್ನು ಕಂಡು ದಾಖಲಿಸಿದರು. ನೆರೆದೇಶದ ಗೂಢಚಾರ ಯಂತ್ರಗಳೆಂದು ಅವರು ಶಂಕಿಸಿದರು. ಆದರೆ ಗುಂಡು ಹಾರಿಸದೆ ಖಗೋಳ ವಿಜ್ಞಾನಿಗಳನ್ನು ಕೇಳಿದರು. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಪರಿಶೀಲಿಸಿದರು. ಒಂದೇ ಜಾಗದಲ್ಲಿ ನಿಂತು, ಆ ಬೆಳಕು ನಕ್ಷತ್ರಗಳಿಗೆ ಹೋಲಿಸಿದರೆ ಹೇಗೆ ಚಲಿಸುತ್ತದೆಂಬುದನ್ನು ಬರೆದಿಡುವುದೇ ಇದಕ್ಕೆ ಉಪಾಯ. ಕೊನೆಗೆ ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿಯಿತು. ಎತ್ತರದ ತಿಳಿಗಾಳಿಯಲ್ಲಿ ಗ್ರಹಗಳು ಹೆಚ್ಚು ಪ್ರಕಾಶಿಸುತ್ತವೆ.

ಎಲ್ಲದಕ್ಕೂ ಹೀಗೆ ಉತ್ತರ ಸಿಗುವುದಿಲ್ಲ. 2023ರ ನವೆಂಬರ್ 19ರಂದು ಮಣಿಪುರದ ಇಂಫಾಲ ವಿಮಾನ ನಿಲ್ದಾಣದ ಬಳಿ ಅಜ್ಞಾತ ವಸ್ತುವೊಂದು ಕಾಣಿಸಿ, ಕೆಲವು ತಾಸು ವಿಮಾನ ಸಂಚಾರವನ್ನೇ ನಿಲ್ಲಿಸಬೇಕಾಯಿತು. ಬಂಗಾಳದ ಹಾಸಿಮಾರಾ ನೆಲೆಯಿಂದ ಒಂದು ರಫೇಲ್ ಯುದ್ಧವಿಮಾನ ಹೋಗಿ ಹುಡುಕಿತು. ಅದರ ಹಿಂದೆ ಇನ್ನೊಂದು ಹೋಯಿತು. ಏನೂ ಸಿಗಲಿಲ್ಲ. ಆ ವಸ್ತು ಬಳಿಕ ಕಾಣಿಸಲಿಲ್ಲವೆಂದು ವಾಯುಪಡೆ ತಿಳಿಸಿತು. ಅಷ್ಟು ಬಲವುಳ್ಳ ಪಡೆಗೆ ಕಾಣಲಿಲ್ಲವೆನ್ನಲು ಸಂಕೋಚವಾಗಲಿಲ್ಲ. ಅಂಗಳದಲ್ಲಿ ಕುಳಿತ ನಮಗೆ ತಿಳಿಯದೆನ್ನಲು ಸಂಕೋಚವಾಗಿತ್ತು!

ಶರಣರು ಶಕುನ ಮುಹೂರ್ತಗಳ ಭಯವನ್ನು ಜನರ ಮನದಿಂದ ತೊಡೆಯಲು ಶ್ರಮಿಸಿದರು. ನಾವು ಶಕುನವನ್ನೇನೋ ಹೇಳಲಿಲ್ಲ. ಆದರೆ ಅರಿಯದ್ದನ್ನು ಅರಿತಂತೆ ಹೇಳಿ ಅದೇ ಭಯವನ್ನು ಬಿತ್ತಿದೆವು. ಶಕುನ ಹೇಳುವವನಿಗೂ ನಮಗೂ ಅಂದು ಏನು ಅಂತರವುಳಿದಿತ್ತು? ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ದೃಷ್ಟಿಯನ್ನು ನೆಲೆಗೊಳಿಸುವ ಸಾಧನೆಯನ್ನು ನಿತ್ಯ ಮಾಡುವವರು, ಕಣ್ಣೆದುರಿನದನ್ನು ಒಂದು ಗಳಿಗೆ ನೆಟ್ಟು ನೋಡದೆ ನಾಲಿಗೆಯನ್ನು ಮುಂದೆ ಮಾಡಬಾರದು.

2024ರ ಡಿಸೆಂಬರಿನಲ್ಲಿ ಅದೇ ಅಂಗಳದಲ್ಲಿ ಕುಳಿತಿದ್ದೆವು. ಸೈನಿಕ ಮಗನೂ ರಜೆಯ ಮೇಲೆ ಬಂದಿದ್ದ. ಮೂಡಣದಲ್ಲಿ ದೊಡ್ಡ ಬೆಳಕೊಂದು ಕಂಡಿತು. ದೀಕ್ಷೆ ಪಡೆದಿದ್ದ ಮಗು “ಅದೇನು?” ಎಂದಿತು. “ತಿಳಿಯದಪ್ಪ, ನೋಡೋಣ” ಎಂದೆವು. ಅಡಿಕೆ ಮರವೊಂದನ್ನು ಗುರುತಾಗಿಟ್ಟುಕೊಂಡು ಒಂದು ತಾಸು ನೋಡಿದೆವು. ಅದು ಪಕ್ಕದ ರೋಹಿಣಿ ನಕ್ಷತ್ರವನ್ನು ಬಿಟ್ಟು ಅಗಲದೆ, ಅದರೊಡನೆಯೇ ಮೆಲ್ಲಗೆ ಮೇಲೇರಿತು. ಗುರುಗ್ರಹವೆಂದು ಆಗ ಹೇಳಿದೆವು. ತಾಯಿ ಒಳಗಿನಿಂದ ಬಂದು, ನೋಡಿ, ನಕ್ಕು, ಮಲಗಲು ಹೋದರು.